ಶೆಬದ ರಾಣಿಯೂ ಅಜ್ಜಿಯ ಏಲಕ್ಕಿಯೂ

ಪಾಯಸಕ್ಕೆ ಏಲಕ್ಕಿ ಜಜ್ಜುವಾಗೆಲ್ಲ ನನಗೆ ಬೈಬಲ್ಲಿನ ಸೊಲೊಮೋನ ರಾಜ ನೆನಪಾಗುತ್ತಾನೆ. ನಗಬೇಡಿ. ಅವನ ಸಿರಿಯನ್ನೆಲ್ಲ ನಾನು ಕಂಡದ್ದು ಮಾದಾಪುರದ ನಮ್ಮ ಮನೆಯ ಜಗಲಿಯಲ್ಲೇ, ಒಣಗಿದ ಏಲಕ್ಕಿಯನ್ನು ಅಜ್ಜಿ ಮೊರದಲ್ಲಿ ತಿಕ್ಕಿ ತೊಟ್ಟು ಬಿಡಿಸುತ್ತಿದ್ದ ಆ ಘಮದೊಳಗೆ. ಬಿಳಿ ದೊರೆಗಳ ಎಸ್ಟೇಟಿನ ಕೂಲಿಲೈನಿನಲ್ಲಿ ಭಾನುವಾರದ ಪ್ರಾರ್ಥನೆ ಮುಗಿಸಿ ಬರುವ ಶಾಂತಪ್ಪ ಮೇಷ್ಟ್ರು ನಮ್ಮಲ್ಲಿ ಬೆಲ್ಲದ ಕಾಫಿ ಕುಡಿದು, ತಮ್ಮ ವೇದಪುಸ್ತಕದಿಂದ ಒಂದು ಕಥೆ ಓದಿಯೇ ಏಳುವರು. ಆ ವರ್ಷ ಅವರಿಗೆ ಒಂದೇ ಹಟ: ನನ್ನನ್ನು ಮಡಿಕೇರಿಯ ಹುಡುಗಿಯರ ಶಾಲೆಗೆ ಕಳಿಸಬೇಕು. ಅಪ್ಪ ಎಲ್ಲವನ್ನೂ ಅಜ್ಜಿಗೆ ಬಿಟ್ಟಿದ್ದರು. ಹೆಣ್ಣುಮಗು ಊರು ಬಿಟ್ಟುಹೋಗಿ ಕೇಳಿ ತಿಳಿಯುವಂಥದ್ದೇನಿದೆ ಎಂದು ಅಜ್ಜಿ. ನಾನು ಕಂಬಕ್ಕೆ ಆತು ಕೂತು ಇಬ್ಬರ ಮುಖವನ್ನೂ ನೋಡುತ್ತಿದ್ದೆ.

ಒಂದು ಭಾನುವಾರ ಮೇಷ್ಟ್ರು ಸೊಲೊಮೋನನ ಹಡಗುಗಳ ಕಥೆ ಓದಿದರು. ಮೂರು ವರ್ಷಕ್ಕೊಮ್ಮೆ ಚಿನ್ನ, ಬೆಳ್ಳಿ, ಆನೆದಂತ, ನವಿಲು, ಮಂಗಗಳನ್ನು ಹೊತ್ತು ಬರುತ್ತಿದ್ದವಂತೆ. ಮಂಗ ಎಂದದ್ದೇ ಅಜ್ಜಿ ಮೊರ ಕೆಳಗಿಟ್ಟರು. “ಮಂಗನ್ನ ದುಡ್ಡು ಕೊಟ್ಟು ತರಿಸಿಕೊಂಡನಾ? ನಮಗೊಂದು ಮಾತು ಹೇಳಿದ್ದರೆ ಏಲಕ್ಕಿ ಮಲೆಯಲ್ಲಿರುವ ಅಷ್ಟನ್ನೂ ಸುಮ್ಮನೆ ಹೊಡೆದುಕೊಂಡು ಹೋಗಬಹುದಿತ್ತಲ್ಲ ಮೇಷ್ಟ್ರೇ.” ಮೇಷ್ಟ್ರ ಕಾಫಿ ಮೂಗಿಗೇರಿತು.

ಸುಧಾರಿಸಿಕೊಂಡು ಅವರು ಶೆಬದ ರಾಣಿಯ ಕಥೆ ತೆಗೆದರು. ದೂರದೇಶದಿಂದ ಅದೇ ರಾಜನ ಬಳಿಗೆ ಒಂಟೆಗಳ ಮೇಲೆ ರಾಶಿ ರಾಶಿ ಸಂಬಾರ ಹೇರಿಕೊಂಡು ಬಂದವಳು. ಸಂಬಾರ ಅಂದಮೇಲೆ ಅದು ಏಲಕ್ಕಿಯೇ, ಅದೂ ನಮ್ಮ ಕಡೆಯದ್ದೇ ಎಂಬುದರಲ್ಲಿ ಅಜ್ಜಿಗೆ ಸಂಶಯವಿರಲಿಲ್ಲ.

“ಅಷ್ಟು ದೂರ ಬಂದದ್ದು ಮದುವೆಗಾ?”

“ಅಲ್ಲ ಅಜ್ಜಮ್ಮ, ಪ್ರಶ್ನೆ ಕೇಳಲಿಕ್ಕೆ. ಮನಸ್ಸಿನಲ್ಲಿದ್ದದ್ದೆಲ್ಲ ಕೇಳಿದಳು. ರಾಜ ಎಲ್ಲಕ್ಕೂ ಉತ್ತರ ಕೊಟ್ಟ.”

ಮತ್ತೆ ಮೊರ ಎತ್ತಿಕೊಂಡಿದ್ದ ಅಜ್ಜಿಯ ಕೈ ಅಲ್ಲೇ ನಿಂತಿತು. ಹೊರಡುವಾಗ ಅವಳ ಮನೆಯವರು ಯಾರೂ ತಡೆಯಲಿಲ್ಲವೇ ಎಂದು ಮೆಲ್ಲಗೆ ಕೇಳಿದರು. ಮೇಷ್ಟ್ರು ಹಾಳೆ ಮಗುಚಿ ನೋಡಿ, ಹಾಗೇನೂ ಬರೆದಿಲ್ಲ ಎಂದರು. ಅಜ್ಜಿ ಮೊರದಿಂದ ದಪ್ಪ ಕಾಯಿಗಳನ್ನು ಆರಿಸಿ ಬೇರೆ ಇಡತೊಡಗಿದರು.

ಮಳೆಗಾಲಕ್ಕೆ ಮುಂಚೆ ನನ್ನನ್ನು ಶಾಲೆಗೊಯ್ಯಲೆಂದೇ ಎತ್ತಿನಗಾಡಿ ಅಂಗಳಕ್ಕೆ ಬಂತು. ವ್ಯಾಪಾರಿಗೂ ತೋರಿಸದೆ ಆರಿಸಿಟ್ಟಿದ್ದ ದಪ್ಪ ಹಸಿರು ಏಲಕ್ಕಿಯ ಗಂಟನ್ನು ಅಜ್ಜಿ ನನ್ನ ಮಡಿಲಿಗಿಟ್ಟರು. “ಟೀಚರಮ್ಮನಿಗೆ ಕೊಡು. ಪ್ರಶ್ನೆ ಕೇಳಲಿಕ್ಕೆ ಹೋಗುವವಳು ಬರಿಗೈಯಲ್ಲಿ ಹೋಗಬಾರದು.” ಮಡಿಕೇರಿಯವರೆಗೂ ಗಾಡಿಯೆಲ್ಲ ಘಮ್ಮೆಂದಿತು, ನಾನು ರಾಣಿಯ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ.

ಆ ಏಲಕ್ಕಿ ಮಲೆಯಲ್ಲಿ ಈಗ ಕಾಫಿ ತೋಟ. ಜಗಲಿಯಿಲ್ಲ, ಮೇಷ್ಟ್ರಿಲ್ಲ, ಅಜ್ಜಿಯಿಲ್ಲ. ಶಾಲೆಯಲ್ಲಿ ನಾನು ಎಷ್ಟೆಷ್ಟೋ ಕೇಳಿದೆ. ನಿನ್ನನ್ನೂ ಆಗ ಹೋಗಲು ಬಿಟ್ಟಿದ್ದರೆ ನೀನೇನು ಕೇಳುತ್ತಿದ್ದೆ ಎಂದು ಅಜ್ಜಿಯನ್ನು ಮಾತ್ರ ಕೇಳಲೇ ಇಲ್ಲ.