ಉದಗಾಂವದ ಕಾಕು ಮತ್ತು ನಿಂತ ನೊಣ

ಮೊನ್ನೆ ಗಡಹಿಂಗ್ಲಜದ ಸಂತೆಯಿಂದ ತಂದ ಕೊತ್ತಂಬರಿ ಕಟ್ಟಿನಲ್ಲಿ ಎರಡು ಕಡ್ಡಿ ಹೂಬಿಟ್ಟಿದ್ದವು. ಕೊತ್ತಂಬರಿ ಎಲೆಯ ವಾಸನೆಯೇ ಬೇರೆ, ಹೂವಿನದೇ ಬೇರೆ. ಸೋಸುತ್ತ ಕೂತವಳ ಮೂಗಿಗೆ ಅದು ಬಡಿದದ್ದೇ ತಡ, ಉದಗಾಂವದ ಕಾಕು ನೆನಪಾದರು...

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಜಯಸಿಂಗಪುರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬಾಡಿಗೆಗಿದ್ದದ್ದು ಪಕ್ಕದ ಉದಗಾಂವದಲ್ಲಿ, ಒಕ್ಕಲುತನದ ಜೈನ ಮನೆಯೊಂದರ ಮುಂದಿನ ಕೋಣೆಯಲ್ಲಿ. ಆ ಮನೆಯ ಯಜಮಾನಿಯೇ ಕಾಕು; ಚಿಕ್ಕಮ್ಮನನ್ನು ಆ ಕಡೆ ಹಾಗೆ ಕರೆಯುತ್ತಾರೆ. ಅವರ ಗಂಡ ಕೆಲವು ವರ್ಷಗಳ ಹಿಂದೆ ಬೆಳೆಗೆ ಔಷಧ ಹೊಡೆಯುವಾಗ ಹೊಲದಲ್ಲೇ ಕುಸಿದು ಬಿದ್ದಿದ್ದರು. ಜೀವ ಉಳಿಯಿತು, ಕೈಗಳ ಸ್ವಾಧೀನ ಉಳಿಯಲಿಲ್ಲ. ಚಹಾದ ಬಟ್ಟಲನ್ನೂ ಕಾಕುವೇ ಬಾಯಿಗೆ ಹಿಡಿಯಬೇಕು. ಅಂದಿನಿಂದ ಆ ಹೊಲಕ್ಕೆ ಔಷಧದ ಪಂಪು ಹೋಗಿರಲಿಲ್ಲ.

ಒಂದು ಚಳಿಗಾಲದ ಮುಂಜಾನೆ ಬದುವಿನ ಕೊತ್ತಂಬರಿ ಹೂಗಳ ಮೇಲೆ ಹಳದಿ-ಕಪ್ಪು ಪಟ್ಟೆಯ ಪುಟ್ಟ ನೊಣಗಳು ಗಾಳಿಯಲ್ಲಿ ನಿಂತಲ್ಲೇ ನಿಂತಿದ್ದವು. ಕಾಕು ಅವನ್ನು ಜೇನೆಂದುಕೊಂಡಿದ್ದರು. ನಾನು ಅಲಸಂದಿಯ ಎಲೆ ತಿರುವಿ, ಬೆಳೆಯ ರಸ ಹೀರುವ ಕಪ್ಪು ಹೇನುಗಳ ಗುಂಪಿನಲ್ಲಿ ತಡಕಾಡುತ್ತಿದ್ದ ಆ ನೊಣದ ಹಸಿರು ಮರಿಹುಳುವನ್ನು ತೋರಿಸಿದೆ. ಅದು ಒಂದೊಂದೇ ಹೇನನ್ನು ಹಿಡಿದು ಹೀರಿ ಸಿಪ್ಪೆ ಬಿಸಾಕುತ್ತಿತ್ತು. ಕಾಕು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

"ಇದು ಕೊಂದ ಪಾಪ ನನಗ ಹತ್ತತೈತೇನ ತಂಗೀ?"

"ಅದರ ಊಟ ಅದು ಉಣ್ಣಾಕತ್ತೇತಿ. ನೀವೇನ ಮಾಡೀರಿ ಕಾಕು?"

"ಹಂಗಾರ ಉಣ್ಣಲಿ," ಎಂದರು. ಅದಕ್ಕೆ ನಿಂತ ನೊಣ ಎಂದು ಅವರೇ ಹೆಸರಿಟ್ಟರು. ಅದಕ್ಕಾಗಿಯೇ ಕೊತ್ತಂಬರಿಯನ್ನು ಕೀಳದೆ ಹೂವಿಗೆ ಬಿಟ್ಟರು.

ಸಂಕ್ರಾಂತಿ ದಾಟಿ ಬಿಸಿಲೇರಿದಂತೆ ನೊಣಗಳು ಕಡಿಮೆಯಾದವು. ಶಿವರಾತ್ರಿಯ ನಂತರ ಒಂದೂ ಕಾಣಲಿಲ್ಲ. ನನ್ನ ತವರು ಗಡಹಿಂಗ್ಲಜ, ಘಟ್ಟದ ಮಗ್ಗುಲಿನ ತುಸು ಎತ್ತರದ ಸೀಮೆ. ಶಾಲೆಯ ರಜೆಗೆ ಹೋದಾಗ ನೋಡಿದರೆ, ಇನ್ನೂ ಮುಂಜಾನೆಯ ತಂಪಿದ್ದ ನಮ್ಮ ಹಿತ್ತಲಲ್ಲಿ ಅವು ಹಾರಾಡುತ್ತಿದ್ದವು. ಆಮೇಲೆ ಬಸ್ಸು ಇಳಿದಲ್ಲೆಲ್ಲ ಹುಡುಕತೊಡಗಿದೆ. ಕೊಲ್ಲಾಪುರದ ತೋಟಗಳ ನೆರಳಲ್ಲಿ ಅಲ್ಲೊಂದು ಇಲ್ಲೊಂದು. ಇಚಲಕರಂಜಿಯಲ್ಲಿ ಇಲ್ಲ. ಕುರುಂದವಾಡದ ಹೊಳೆದಂಡೆಯಲ್ಲೂ ಇಲ್ಲ. ಚಳಿಯಲ್ಲಿ ಬಯಲೆಲ್ಲ ತುಂಬುವ ನೊಣ, ಕಾವು ಏರಿದರೆ ಘಟ್ಟದ ಕಡೆಗಷ್ಟೇ ಉಳಿಯುತ್ತದೆ ಎಂದು ನನಗೆ ತಿಳಿಯಿತು. ತಿಳಿದು ಏನು ಮಾಡುವುದು... ಹೇನು ಮಾತ್ರ ಬಿಸಿಲಿಗೂ ಜಗ್ಗಲಿಲ್ಲ. ಕಾಕುವಿನ ಬೇಸಿಗೆಯ ಅಲಸಂದಿ ಕುಡಿಕುಡಿಗೂ ಕಪ್ಪಾಯಿತು.

"ನಿಮ್ಮೂರಾಗ ಅದಾವಲ್ಲ, ತರಾಕ ಬರೂದಿಲ್ಲೇನು?" ಎಂದರು ಕಾಕು.

ತರುತ್ತೇನೆ ಎಂದುಬಿಟ್ಟೆ. ಮುಂದಿನ ರವಿವಾರ ತೂತು ಕೊರೆದ ತಗಡಿನ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಎಲೆಗಳ ಸಮೇತ ಮರಿಹುಳುಗಳನ್ನೂ ಕೋಶಗಳನ್ನೂ ತುಂಬಿಕೊಂಡು ಬಸ್ಸು ಹತ್ತಿದೆ. ಇಚಲಕರಂಜಿಯಲ್ಲಿ ಬಸ್ಸು ಬದಲಿಸಲು ಇಳಿದಾಗ ಡಬ್ಬಿ ಮುಟ್ಟಿದರೆ ಕೈ ಚುರ್ ಎಂದಿತು. ಅರ್ಧಕ್ಕರ್ಧ ಸತ್ತಿದ್ದವು. ಉಳಿದವನ್ನು ಕಾಕು ಬೆರಳ ತುದಿಯಿಂದ ಒಂದೊಂದಾಗಿ ಬಳ್ಳಿಗೆ ಬಿಟ್ಟರು, ಮಧ್ಯಾಹ್ನ ಒದ್ದೆ ಗೋಣಿಯ ನೆರಳು ಕಟ್ಟಿದರು. ವಾರದಲ್ಲಿ ಏಳೆಂಟು ನೊಣ ಹೊರಬಂದವು. ಎರಡು ದಿನ ಹೂವಿನ ಮೇಲೆ ನಿಂತವು. ಮೂರನೆಯ ದಿನ ಒಂದೇ ಉಳಿದಿತ್ತು.

"ನೊಣಾ ತಂದಿ ತಂಗೀ. ನಿಮ್ಮೂರ ಗಾಳಿ ಹೆಂಗ ತರತಿ?" ಎಂದರು. ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಹೇನು ಪಕ್ಕದ ಮೈದುನನ ಹೊಲಕ್ಕೂ ಹಬ್ಬಿತ್ತು. ಅವನು ಔಷಧ ಹೊಡೆಯುವ ಆಳನ್ನು ಕರೆದುಕೊಂಡೇ ಬಂದ.

"ವೈನೀ, ನಿಮ್ಮ ಧರ್ಮ ನಮ್ಮ ಬೆಳಿ ತಿನ್ನಾಕತ್ತೇತಿ."

ಕಾಕು ಆಳನ್ನು ಕೇಳಿದರು: "ಲಗ್ನ ಆಗೇತೇನಪಾ?"

"ಹೌದ್ರಿ. ಎರಡ ಮಕ್ಕಳದಾವ್ರಿ."

"ಹಂಗಾರ ಪಂಪ ಇಲ್ಲೆ ಇಡು. ನೀ ಹೋಗು."

ಆಳು ಪಂಪು ಇಳಿಸಿ ನಡೆದ. ಕಾಕು ಸೆರಗನ್ನು ಮೂಗಿಗೆ ಬಿಗಿದು, ತಾವೇ ಪಂಪು ಹೊರಲು ಬದುವಿನ ಮೇಲೆ ಕೂತರು. ಅವರ ಗಂಡ ಎದ್ದು ಬಂದು ಪಂಪಿನ ಪಟ್ಟಿ ಹಿಡಿದರು. ಕೈ ನಡುಗಿ ಪಟ್ಟಿ ಜಾರಿತು. ಇನ್ನೊಮ್ಮೆ ಹಿಡಿದರು, ಇನ್ನೊಮ್ಮೆ ಜಾರಿತು. ಆಮೇಲೆ ನನ್ನ ಮುಖ ನೋಡಿದರು. ಆ ಪಂಪನ್ನು ಕಾಕುವಿನ ಬೆನ್ನಿಗೆ ಏರಿಸಿದವಳು ನಾನು.

ಕೊನೆಯ ಸಾಲಿಗೆ ಬಂದಾಗ ಕಾಕು ನಿಂತರು. ಉಳಿದಿದ್ದ ಆ ಒಂದು ನೊಣ ಹೂವಿನ ಮೇಲಿತ್ತು.

"ತಂಗೀ, ಅದನ್ನ ಅತ್ತಾಗ ಓಡಸು."

ಸೆರಗು ಬೀಸಿದೆ. ಹೋಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಜಾಗಕ್ಕೆ ಬಂದು ನಿಂತಿತು. ಮತ್ತೆ ಓಡಿಸಿದೆ, ಮತ್ತೆ ಬಂತು. ಮೂರು ಸಲ, ನಾಲ್ಕು ಸಲ... ಕಾಕು ಮುಖ ಆಚೆ ತಿರುಗಿಸಿ ನಳಿಗೆ ಹಿಡಿದರು.

ಬೆಳೆ ಉಳಿಯಿತು. ಕಾಕು ನಾಲ್ಕು ದಿನ ವಾಂತಿ, ತಲೆಶೂಲೆಯಿಂದ ಮಲಗಿ ಎದ್ದರು. ಮರುವರ್ಷ ಚಳಿಗೆ ನೊಣ ಮತ್ತೆ ಬಂದವು, ಬೇಸಿಗೆಗೆ ಮತ್ತೆ ಹೋದವು. ಪ್ರತಿ ಬೇಸಿಗೆಗೂ ಕಾಕುವೇ ಪಂಪು ಹೊತ್ತರು, ಆಳಿಗೆ ಕೊಡಲಿಲ್ಲ. ಎಂಬತ್ತರ ದಶಕದ ಮೊದಲಿಗೆ ನನಗೆ ಕೊಲ್ಲಾಪುರಕ್ಕೆ ವರ್ಗವಾಯಿತು. ಕಾಕು ತೀರಿಹೋದ ಸುದ್ದಿ ಕಾರ್ಡಿನಲ್ಲಿ ಬಂತು, ಎಲ್ಲ ಮುಗಿದ ಮೇಲೆ. ಏನಾಗಿತ್ತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಈಗ ಗಡಹಿಂಗ್ಲಜದಲ್ಲೂ ಶಿವರಾತ್ರಿಗೇ ನೆಲ ಸುಡುತ್ತದೆ. ಊರ ಗಾಳಿ ಬಿಸಿಯಾಗುವುದನ್ನು ತಡೆಯುವುದು ನನ್ನ ಕೈಲಿರಲಿಲ್ಲ, ಯಾರ ಕೈಲೂ ಇರಲಿಲ್ಲ. ಆದರೆ ಆ ಬದುವಿನ ಮೇಲೆ 'ಬ್ಯಾಡ್ರಿ ಕಾಕು' ಅನ್ನುವುದು ನನ್ನ ಕೈಲಿತ್ತು. ಅಂದಿದ್ದರೂ ಅವರು ಕೇಳುತ್ತಿರಲಿಲ್ಲವೇನೋ. ನಾನು ಅನ್ನಲಿಲ್ಲ.