ಗೋಡೆಗೇರಿದ ಸುಮತಿಯಕ್ಕ

ಮೊನ್ನೆ ಕಾರ್ಕಳದಲ್ಲಿ ಒಂದು ಮದುವೆಯ ಊಟ. ಪಂಕ್ತಿಯಲ್ಲಿ ನಾನು, ನನ್ನ ನಾದಿನಿ, ಎದುರಿಗೆ ಗುರುತಿಲ್ಲದ ಒಬ್ಬ ಹೆಂಗಸು. ಆಕೆ ಪಾಯಸದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ, "ನೀವು ಟೀವಿಯ ಸುಮತಿಯಕ್ಕ ಅಲ್ವಾ? ತೀರಿಹೋದಿರಲ್ಲ ಮಾರಾಯ್ರೆ!" ಎಂದಳು. ನಾದಿನಿಗೆ ನಗು ನೆತ್ತಿಗೆ ಹತ್ತಿತು. ನಾನೂ ನಕ್ಕೆ. ಆದರೆ ಹಳೆಯ ದಿಗಿಲೊಂದು ನೆನಪಾಯಿತು.

ನಿಮಗೆ ನೆನಪಿರಲಿಕ್ಕಿಲ್ಲ, ಅದೊಂದು ಹಾಸ್ಯ ಧಾರಾವಾಹಿ. ಕಾಪುವಿನ ಬಾಡಿಗೆ ಮನೆಯಲ್ಲಿ ಚಿತ್ರೀಕರಣ. ಅದರಲ್ಲಿ ನಾನು ಪಕ್ಕದ ಮನೆಯ ಸುಮತಿಯಕ್ಕ. ನಾಯಕ, ನಾಯಕಿ ಜಗಳವಾಡುವಾಗಲೆಲ್ಲ ಬೇಲಿಯ ಮೇಲಿಂದ ತಲೆಯೆತ್ತಿ "ಒಂದು ತೆಂಗಿನಕಾಯಿ ಉಂಟಾ?" ಎಂದು ಕೇಳುವುದು ನನ್ನ ಘನಕಾರ್ಯ. ನಟಿಸಿದ್ದಕ್ಕಿಂತ ಬೇಲಿಯ ಹಿಂದೆ ಕುಕ್ಕರಗಾಲಿನಲ್ಲಿ ಕಾದದ್ದೇ ಹೆಚ್ಚು. ನನ್ನ ಮೊಣಕಾಲು ನೋವಿನ ಶಂಕುಸ್ಥಾಪನೆ ಅಲ್ಲಿಯೇ ಆದದ್ದು. ಆದರೂ ಆದಿ ಉಡುಪಿಯ ಸಂತೆಯಲ್ಲಿ ವ್ಯಾಪಾರಿಗಳು ತೆಂಗಿನಕಾಯಿ ಎತ್ತಿ ತೋರಿಸಿ ಕರೆಯುವಾಗಿನ ಸುಖವೇ ಬೇರೆ.

ಎರ್ಮಾಳಿನ ನಮ್ಮ ಮನೆಯಿಂದ ನನ್ನನ್ನು ಕಳಿಸಿದ್ದು ಮಾಮಿ. ನಮ್ಮಲ್ಲಿ ಅತ್ತೆಗೆ ಹಾಗೆ ಕರೆಯುವುದು. ಗಂಡಸರು ದೋಣಿಯಲ್ಲಿ ಕಡಲಿಗೆ ಹೋಗುವ ಮನೆಯಲ್ಲಿ ಅಪಶಕುನವೆಂದರೆ ತಮಾಷೆಯಲ್ಲ. ಹಾಗಾಗಿ ಮಾಮಿಯದ್ದು ಒಂದೇ ಕರಾರು: "ಸಾಯುವ ವೇಷ ಮಾತ್ರ ಬೇಡ. ಮಾಡಿದ ದಿನವೇ ನಿನ್ನ ನಾಟಕ ಬಂದ್."

ಒಂದು ದಿನ ನಿರ್ದೇಶಕರು ಕರೆದರು. "ಅಕ್ಕ, ಹೀರೋನ ಕನಸಿನಲ್ಲಿ ನೀವು ಸತ್ತಿದ್ದೀರಿ. ಗೋಡೆಯಲ್ಲಿ ನಿಮ್ಮ ಫೋಟೋ, ಅದಕ್ಕೊಂದು ಮಾಲೆ. ಆ ಫೋಟೋವೂ ತೆಂಗಿನಕಾಯಿ ಕೇಳುತ್ತದೆ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಮಾಮಿಯ ಕರಾರು ಹೇಳಿದೆ.

"ಆಗದಿದ್ದರೆ ಬೇಡ ಅಕ್ಕ. ನಿಟ್ಟೆಯ ಒಬ್ಬರು ನಿಮ್ಮ ಪಾತ್ರಕ್ಕೆ ಕಾಯುತ್ತಾ ಇದ್ದಾರೆ."

ಒಪ್ಪಿದರೆ ಮನೆಯಲ್ಲಿ ಬಂದ್, ಒಪ್ಪದಿದ್ದರೆ ಇಲ್ಲಿ ಬಂದ್. ಒಪ್ಪಿದೆ.

ಸಾಯುವ ದೃಶ್ಯ ಮುಗಿದ ಮೇಲೆ ಕ್ಯಾಮೆರಾ ನೋಡಿ ಒಮ್ಮೆ ನಗಬೇಕು, ದೋಷ ಕಳೆಯುತ್ತದೆ ಎಂಬ ಪದ್ಧತಿ ನಮ್ಮ ಕಸುಬಿನಲ್ಲುಂಟು. ನಾನು ಹೇಗೆ ನಗುವುದೆಂದು ಮೇಕಪ್ಪಿನ ಶೇಖರಣ್ಣನನ್ನು ಕೇಳಿದೆ. "ನೀವೆಲ್ಲಿ ಸತ್ತಿರಿ ಅಕ್ಕ? ಸತ್ತದ್ದು ಫೋಟೋ. ಅದನ್ನು ನಗಿಸುವವರು ಯಾರು?" ಎಂದು ಅವನೇ ನಕ್ಕ. ದೋಷ ಹಾಗೆಯೇ ಉಳಿಯಿತು.

ಆ ಕಂತು ಬಂದ ಸಂಜೆ ಗಂಡ ಕಡಲಿನಲ್ಲಿದ್ದರು. ನಾನು ಅಡುಗೆಮನೆ ಸೇರಿ ಬಂಗುಡೆ ಮೀನು ಕಾಯಿಸುತ್ತಾ ಕಿವಿಯನ್ನು ಮಾತ್ರ ಚಾವಡಿಯಲ್ಲಿಟ್ಟೆ. ನೋಡಲು ಬಂದಿದ್ದ ನೆರೆಯವರು ಗೊಳ್ಳೆಂದು ನಕ್ಕರು. ಅದರಲ್ಲಿ ಮಾಮಿಯ ನಗುವಿರಲಿಲ್ಲ. ಮಾಮಿ ಊಟಕ್ಕೆ ಕೂತರು. ಬಂಗುಡೆ ಒಂದು ಬದಿ ಕರಿ ಹಿಡಿದಿತ್ತು, ಅದಕ್ಕೂ ಬೈಗುಳವಿಲ್ಲ. ಗಂಡನ ದೋಣಿ ಬೆಳಗಿನ ಜಾವ ದಡ ಮುಟ್ಟಿದ ಮೇಲೆಯೇ ನಾನು ಸರಿಯಾಗಿ ಉಸಿರಾಡಿದ್ದು.

ಬೆಳಿಗ್ಗೆ ನಾನು ಶೂಟಿಂಗಿಗೆ ಹೊರಡುವಾಗ ಮಾಮಿ ಕೊಡೆ ಹಿಡಿದು ಅಂಗಳದಲ್ಲಿ ನಿಂತಿದ್ದರು. "ನಾನೂ ಬರುತ್ತೇನೆ."

ಕಾಪುವಿನ ಆ ಮನೆಯೊಳಗೆ ನೆಟ್ಟಗೆ ನಡೆದು, ಗೋಡೆಯಲ್ಲಿ ಇನ್ನೂ ನೇತಾಡುತ್ತಿದ್ದ ನನ್ನನ್ನು ಇಳಿಸಿದರು. ಮಾಲೆ ಕಿತ್ತು ನಿರ್ದೇಶಕರ ಕೈಗೆ ಕೊಟ್ಟರು. "ಜೀವ ಇರುವವಳಿಗೆ ಮಾಲೆಯಾ ಮಾರಾಯ್ರೆ?"

"ಅಮ್ಮಾ, ಇದು ನಾಟಕ..."

"ನಾಟಕ ಅಂತ ನನಗೆ ಗೊತ್ತುಂಟು. ದೇವರಿಗೆ ಯಾರು ಹೇಳಿದ್ದು?"

ಇನ್ನು 'ನಡಿ ಮನೆಗೆ' ಎನ್ನುತ್ತಾರೆಂದು ನಾನು ಚೀಲ ಎತ್ತಿಕೊಂಡೆ. ಮಾಮಿ ಫೋಟೋವನ್ನು ಸೆರಗಿನಲ್ಲಿ ಒರೆಸುತ್ತಾ, "ಇವತ್ತು ಇವಳದ್ದು ಎಂತ ಉಂಟು?" ಎಂದು ಕೇಳಿ, ಪ್ಲಾಸ್ಟಿಕ್ ಕುರ್ಚಿ ಎಳೆದು ಬೇಲಿಯ ಎದುರೇ ಕೂತರು.

ಇದ್ದದ್ದು ಒಂದೇ ಮಾತು. ಅದನ್ನೇ ಮಾಮಿಯ ಎದುರು ನಾಲ್ಕು ಸಲ ಹೇಳಿದ ಮೇಲೆಯೇ ನಿರ್ದೇಶಕರು ಒಪ್ಪಿದರು. ಸಂಜೆ ಬಸ್ಸಿನಲ್ಲಿ ಮಾಮಿ ಫೋಟೋವನ್ನು ಮಡಿಲಿನಲ್ಲಿಟ್ಟು ಹೊರಗೆ ನೋಡುತ್ತಿದ್ದರು. ಉಚ್ಚಿಲ ದಾಟಿದ ಮೇಲೆ ಬಾಯಿ ಬಿಟ್ಟರು: "ಮೂರನೆಯ ಸಲ ಹೇಳಿದ್ದು ಚಂದ ಇತ್ತು."

ಮುಂದಿನ ವಾರ ಟೀವಿಯಲ್ಲಿ ನಾಲ್ಕನೆಯದ್ದು ಬಂತು. ಮಾಮಿ ನೆರೆಯವರ ಕಡೆ ತಿರುಗಿ, "ಈ ಟೀವಿಯವರಿಗೆ ಎಂತದೂ ಗೊತ್ತಿಲ್ಲ," ಎಂದು, ಎದ್ದು ಬೇಲಿಯವಳ ಹಾಗೆ ಕತ್ತು ಚಾಚಿ, ಮೂರನೆಯದ್ದನ್ನು ತಾವೇ ಮಾಡಿ ತೋರಿಸಿದರು.