ಗೂಬೆ ಇಳಿದ ಭಾನುವಾರ

ಶಿವಾಜಿನಗರದಲ್ಲಿ ಮದುವೆ ಕಾರ್ಡು ಮಾಡಿಸಬೇಕೆನ್ನುವವರಿಗೆ ಮುನಾವರ್ ಸಾಹೇಬರು ಗೊತ್ತಿರುವ ಮನುಷ್ಯ. ಅಂಗಡಿ ಚಿಕ್ಕದು. ಇಬ್ಬರು ಗಿರಾಕಿಗಳು ಒಳಗೆ ಬಂದರೆ ಮೂರನೆಯವರು ಬೀದಿಯಲ್ಲಿ ನಿಂತೇ ಮಾದರಿ ನೋಡಬೇಕು. ಉರ್ದು, ಕನ್ನಡ, ತಮಿಳು, ಇಂಗ್ಲಿಷ್ ನಾಲ್ಕನ್ನೂ ಒಂದೇ ಕಾರ್ಡಿನಲ್ಲಿ ಜಗಳವಿಲ್ಲದೆ ಕೂರಿಸುವುದರಲ್ಲಿ ಅವರದು ಪಳಗಿದ ಕೈ. ಆದರೆ ಅವರನ್ನೇ ಕೇಳಿದರೆ ಅದೆಲ್ಲ ಹೊಟ್ಟೆಪಾಡು. ನಿಜವಾದ ಹುದ್ದೆ ಅವರ ವಿಸಿಟಿಂಗ್ ಕಾರ್ಡಿನ ಮೇಲೆ ಚಿನ್ನದ ಬಣ್ಣದಲ್ಲಿ ಉಬ್ಬಿಕೊಂಡಿತ್ತು: ‘ಸಂಸ್ಥಾಪಕರು, ದಂಡು ಲಿನಕ್ಸ್ ಬಳಗ’. ಕಾರ್ಡು ಅಚ್ಚು ಹಾಕುವವನಿಗೆ ಪದವಿ ಸಿಗುವುದೇನೂ ಕಷ್ಟವಲ್ಲ.

ಲಿನಕ್ಸ್ ಎಂದರೇನು ಎಂದು ಕೇಳಿದವರಿಗೆಲ್ಲ ಅವರು ಕೊಡುತ್ತಿದ್ದ ಉತ್ತರ ಒಂದೇ. “ವಿಂಡೋಸು ಬಾಡಿಗೆ ಮನೆ ಸಾರ್. ಲಿನಕ್ಸು ಸ್ವಂತ ಮನೆ. ಗೋಡೆ ಒಡೀಬೇಕು ಅನ್ಸಿದ್ರೆ ಒಡೀಬೋದು, ಯಾರಪ್ಪನ ಪರ್ಮಿಶನ್ನೂ ಬೇಡ.” ಒಡೆದ ಗೋಡೆಯನ್ನು ಮತ್ತೆ ಕಟ್ಟುವವರು ಯಾರು ಎಂದು ಕೇಳಿದ್ದು ಫಹ್ಮಿದಾ ಒಬ್ಬರೇ. ಅವರು ಹೆಂಡತಿಯಾದ್ದರಿಂದ ಉತ್ತರ ಸಿಕ್ಕಿರಲಿಲ್ಲ.

ಕಂಪ್ಯೂಟರನ್ನು ನಡೆಸುವ ಈ ಲಿನಕ್ಸ್ ತಂತ್ರಾಂಶದಲ್ಲಿ ಹತ್ತಾರು ಬಗೆ. ಬಳಗದವರೆಲ್ಲ ಹಿಡಿದುಕೊಂಡಿದ್ದು ‘ರೂಕರಿ’ ಎನ್ನುವ ಬಗೆಯನ್ನು. ಅದರ ಪ್ರತಿ ಹೊಸ ಆವೃತ್ತಿಗೂ ಒಂದು ಹಕ್ಕಿಯ ಹೆಸರು. ಹಿಂದಿನದು ಮಿಂಚುಳ್ಳಿ. ಈ ಸಲ ಬರುವುದು ಗೂಬೆ ಎಂಬ ಸುದ್ದಿ ವಾಟ್ಸಾಪ್ ಗುಂಪಿಗೆ ಬಂದ ದಿನ ಫಹ್ಮಿದಾ ಒಗ್ಗರಣೆ ಸೌಟು ಹಿಡಿದೇ ಹೊರಗೆ ಬಂದರು.

“ಅಲ್ಲಾ ಜೀ, ಲೋಕದಲ್ಲಿ ಬೇರೆ ಹಕ್ಕಿ ಮುಗಿದೋಯ್ತಾ?”

“ವಿಲಾಯತಿಯಲ್ಲಿ ಗೂಬೆ ಅಂದ್ರೆ ಬುದ್ಧಿವಂತ ಹಕ್ಕಿ.”

“ಹಾಗಾದ್ರೆ ವಿಲಾಯತಿಯಲ್ಲೇ ಇರ್ಲಿ. ನಮ್ಮನೇಗೆ ನಕ್ಕೋ.”

ಬಳಗದ ಕಟ್ಟಳೆಗಳನ್ನು ಬರೆದವರು ಮುನಾವರ್ ಅವರೇ. ಹೊಸ ಆವೃತ್ತಿ ಬಿಡುಗಡೆಯಾದ ಭಾನುವಾರ ಫ್ರೇಜರ್ ಟೌನಿನ ಚಹಾದಂಗಡಿಯಲ್ಲಿ ಎಲ್ಲರೂ ಸೇರಬೇಕು, ಸಮೋಸ ಹೊಡೆಯಬೇಕು, ಎಲ್ಲರಿಗಿಂತ ಮೊದಲು ಸಂಸ್ಥಾಪಕರ ಕಂಪ್ಯೂಟರಿಗೆ ಅದನ್ನು ಹಾಕಬೇಕು. ಆಮೇಲೆ ಅಲ್ಲೇ, ಹಳೆಯ ಆವೃತ್ತಿ ಇದ್ದ ಪೆನ್‌ಡ್ರೈವುಗಳನ್ನೆಲ್ಲ ಅಳಿಸಿ ಹೊಸದನ್ನು ತುಂಬಬೇಕು. “ಹಿಂದೆ ಸೇತುವೆ ಇದ್ರೆ ಕಾಲು ಹಿಂದಕ್ಕೇ ಹೋಗುತ್ತೆ” ಎನ್ನುವುದು ಅವರ ಸಿದ್ಧಾಂತ. ಬಿಡುಗಡೆಯ ವಾರದಲ್ಲಿ ಗುಂಪನ್ನು ಯಾರೂ ಮ್ಯೂಟ್ ಮಾಡಬಾರದು ಎನ್ನುವುದೂ ಒಂದು ಕಟ್ಟಳೆ. ಬಳಗ ಕರೆದಾಗ ಜೇಬು ಅಲುಗಬೇಕು.

ಅವರ ಮಗಳು ಮಿಸ್ಬಾಗೆ ಹುಟ್ಟಿನಿಂದ ಕಣ್ಣಿಲ್ಲ. ಅವಳ ಲ್ಯಾಪ್‌ಟಾಪಿನಲ್ಲೂ ಇದ್ದದ್ದು ಮಿಂಚುಳ್ಳಿಯೇ, ಮತ್ತು ಅದರೊಳಗೆ ತೆರೆಯ ಮೇಲಿನದನ್ನೆಲ್ಲ ಓದಿ ಹೇಳುವ ಒಂದು ಹೆಂಗಸಿನ ಧ್ವನಿ. ಮೂಗಿನಲ್ಲಿ ನೆಗಡಿ ಕಟ್ಟಿದಂಥ, ಅಲ್ಪಪ್ರಾಣ ಮಹಾಪ್ರಾಣದ ಗೊಡವೆಯಿಲ್ಲದ ಆ ಧ್ವನಿಗೆ ಮಿಸ್ಬಾ ಶಾಲೆಯ ದಿನಗಳಲ್ಲೇ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಹೆಸರಿಟ್ಟಿದ್ದಳು. ಮುಚ್ಚಳ ತೆರೆದ ಕೂಡಲೇ ಖಾಲಾ “ನಮಸ್ಕಾರ ಮಿಸ್ಬಾ” ಎನ್ನುತ್ತಿದ್ದಳು. ಆಮೇಲೆ ಇವಳ ಬೆರಳೋಡಿದ ಕಡೆಗೆಲ್ಲ ಅವಳ ನಾಲಿಗೆ. ಬೇರೆಯವರ ಕಿವಿಗೆ ಅದು ಅಕ್ಕಿ ಜರಡಿ ಹಿಡಿದ ಸದ್ದು; ಮಿಸ್ಬಾಗೆ ಮಾತ್ರ ಪ್ರತಿಯೊಂದು ಕಾಳೂ ಬಿಡಿಬಿಡಿ.

ಎರಡು ವರ್ಷದಿಂದ ಅವಳು ಕೆಲಸ ಹುಡುಕುತ್ತಿದ್ದಳು. ಫೋನಿನಲ್ಲಿ ಹೊಗಳಿ, ಎದುರಿಗೆ ಹೋದಾಗ “ತಿಳಿಸ್ತೀವಿ” ಎಂದವರೇ ಎಲ್ಲ. ಈಗ ಇಂದಿರಾನಗರದ ಒಂದು ಕಂಪನಿ, ಧ್ವನಿಮುದ್ರಿಕೆ ಕೇಳಿ ಬರಹಕ್ಕಿಳಿಸುವ ಕೆಲಸಕ್ಕೆ ಅವಳನ್ನು ಕೊನೆಯ ಸುತ್ತಿಗೆ ಕರೆದಿತ್ತು. ಸೋಮವಾರ ಬೆಳಿಗ್ಗೆ ಮನೆಯಿಂದಲೇ ಪರೀಕ್ಷೆ. ಮೊಬೈಲಿನಲ್ಲಿ ಬರೆಯುವಂತಿಲ್ಲ. ಕೋಣೆಯಲ್ಲಿ ಒಬ್ಬಳೇ ಇರಬೇಕು, ಕ್ಯಾಮೆರಾ, ಮೈಕು ತೆರೆದಿರಬೇಕು. ಖಾಲಾ ಮಾತಾಡಬಹುದು, ಬೇರೆ ಸದ್ದು ಕೇಳಿದರೆ ಒಮ್ಮೆ ಎಚ್ಚರಿಕೆ, ಮತ್ತೊಮ್ಮೆ ಕೇಳಿದರೆ ಪರೀಕ್ಷೆ ರದ್ದು.

ಆ ವಾರವೇ ಟಿನ್ ಫ್ಯಾಕ್ಟರಿ ಕಡೆಯ ದುರ್ಗೇಶ ಎಂಬ ಹೊಸ ಸದಸ್ಯ ಗುಂಪಿನಲ್ಲಿ ಬರೆದ: ‘ಗೂಬೆಯ ಟ್ರಯಲ್ ಹಾಕಿ ನೋಡ್ದೆ. ಓದೋ ಧ್ವನಿ ಬರ್ತಿಲ್ಲ. ಯಾರಿಗಾದ್ರೂ ಬಂತಾ?’

ಮುನಾವರ್ ಎಲ್ಲರಿಗೂ ಕೊಡುವ ಉತ್ತರವನ್ನೇ ಕೊಟ್ಟರು: ‘ಮೊದಲು ರಿಲೀಸ್ ನೋಟ್ಸ್ ಓದಿ.’

‘ಓದಕ್ಕೇ ಆಗ್ತಿಲ್ಲ ಸಾರ್, ಅದನ್ನೇ ಹೇಳ್ತಿರೋದು.’

ಗುಂಪಿನಲ್ಲಿ ನಗುವ ಮುಖಗಳ ಸಾಲು ಉರುಳಿತು. ನಗು ಯಾರ ಮೇಲೆ ಎಂದು ಖಚಿತವಾಗದಿದ್ದಾಗ ತಮ್ಮ ಮೇಲೆಯೇ ಎಂದು ತಿಳಿಯುವುದು ಸಂಸ್ಥಾಪಕರ ಸ್ವಭಾವ. ಇದು ಉದ್ಧಟತನ ಎಂದು ತೀರ್ಮಾನಿಸಿ ದುರ್ಗೇಶನನ್ನು ಗುಂಪಿನಿಂದ ತೆಗೆದುಹಾಕಿದರು. ಅವನ ಮಾತು ಅವರಿಗೆ ಅರ್ಥವಾಗಲು ಭಾನುವಾರದವರೆಗೆ ಬೇಕಾಯಿತು.

ಶನಿವಾರ ಇನ್ನೊಂದು ಪೆಟ್ಟು. ನಾಳೆಗೆ ಸಿದ್ಧವಿರಲಿ ಎಂದು ಅಂಗಡಿಯಲ್ಲಿದ್ದ ತಮ್ಮ ಹಳೆಯ ಲ್ಯಾಪ್‌ಟಾಪಿಗೆ ಟ್ರಯಲ್ ತುಂಬಿದ ಪೆನ್‌ಡ್ರೈವ್ ಸಿಕ್ಕಿಸಿದರೆ ಗೂಬೆ ಒಂದೇ ಸಾಲಿನಲ್ಲಿ ಮುಖ ತಿರುಗಿಸಿತು: ‘ಈ ಯಂತ್ರಕ್ಕೆ ಇನ್ನು ಬೆಂಬಲವಿಲ್ಲ.’ ಸಂಸ್ಥಾಪಕರ ಮನೆಗೇ ಪ್ರವೇಶವಿಲ್ಲ! ಅವರು ಆ ಯಂತ್ರವನ್ನು ಕಾರ್ಡಿನ ಡಬ್ಬಿಯಲ್ಲಿಟ್ಟು ಮನೆಗೆ ತಂದು, ಬೀರುವಿನ ಮೇಲೆ, ಯಾರ ಕಣ್ಣಿಗೂ ಬೀಳದಂತೆ ಹಿಂದಕ್ಕೆ ತಳ್ಳಿದರು.

ಭಾನುವಾರ ಬೆಳಿಗ್ಗೆ ಮಗಳ ಕೋಣೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

“ಬೇಟಾ, ನಿನ್ನ ಲ್ಯಾಪ್‌ಟಾಪು ಮಧ್ಯಾಹ್ನದವರೆಗೆ ಕೊಡ್ತೀಯಾ?”

ಮನೆಯಲ್ಲಿ ದಖ್ಖನಿ ಉರ್ದುವನ್ನೇ ಆಡಿದರೂ, ಕನ್ನಡ ಶಾಲೆಯಲ್ಲಿ ಓದಿದ ಮಿಸ್ಬಾ ಸಿಟ್ಟು ಬಂದಾಗ ಕನ್ನಡಕ್ಕೆ ಹೊರಳುತ್ತಿದ್ದಳು. ಈಗ ಹೊರಳಿದಳು. “ನಾಳೆ ನನ್ನ ಪರೀಕ್ಷೆ ಅಬ್ಬಾ. ಅದುವರ್ಗೂ ಮುಟ್ಬೇಡಿ.”

“ಪೆನ್‌ಡ್ರೈವಿಂದ ಓಡ್ಸಿ ಒಂದು ಫೋಟೋ ತಗೊಂಡು ಬಂದ್ಬಿಡ್ತೀನಿ. ಒಳಗೆ ಒಂದು ಇರುವೆನೂ ಹೋಗಲ್ಲ.”

“ಕಸಮ್?”

“ಕಸಮ್.”

ಆಣೆ ಹಾಕಿಸಿಕೊಂಡ ಮೇಲೂ ಅವಳು ಮುಚ್ಚಳದ ಮೇಲಿನ ಕೈಯನ್ನು ತಕ್ಷಣ ತೆಗೆಯಲಿಲ್ಲ.

ಚಹಾದಂಗಡಿಯಲ್ಲಿ ಆ ದಿನ ಸಮೋಸಗಳಿಗಿಂತ ತಲೆಗಳು ಕಡಿಮೆ. ಸಂಸ್ಥಾಪಕರಿಗಿಂತ ಮೊದಲು ಹಾಕಬಾರದೆಂದಿದ್ದರೂ ಕೆಲವರು ತಡೆಯಲಾರದೆ ಬೆಳಿಗ್ಗೆಯೇ ಶುರುಮಾಡಿದ್ದರು. ಮರ್ಫಿ ಟೌನಿನ ಸುಗತ ‘ಹಾಕ್ತಿದ್ದೀನಿ ಗುರು’ ಎಂದು ಬರೆದಿದ್ದ. ಆಮೇಲೆ ಅವನ ಸುದ್ದಿಯಿಲ್ಲ. ಹಲಸೂರಿನ ಕೆಂಪರಾಜ್ ‘ನಾನೂ’ ಎಂದಿದ್ದ. ಅವನೂ ಇಲ್ಲ. ಗುಂಪಿನಲ್ಲಿ ಒಬ್ಬೊಬ್ಬರಾಗಿ ‘ಶುರು’ ಎಂದವರಲ್ಲಿ ‘ಆಯ್ತು’ ಎಂದು ಮರಳಿದವರು ಒಬ್ಬರೂ ಇರಲಿಲ್ಲ.

“ಏನಾಯ್ತು ಇವರಿಗೆಲ್ಲ?” ಎಂದು ಯಾರೋ ಕೇಳಿದರು.

“ಖುಷಿಯಾಗಿದ್ದಾರೆ,” ಎಂದರು ಮುನಾವರ್. “ಹೊಸ ಮನೆಗೆ ಹೋದೋರು ಮೊದಲ ದಿನವೇ ಕಾಗದ ಬರೀತಾರಾ?”

ಪೆನ್‌ಡ್ರೈವಿನಿಂದ ಗೂಬೆ ಎದ್ದಿತು. ಕಪ್ಪು ತೆರೆಯ ನಡುವೆ ಎರಡು ಹಳದಿ ಕಣ್ಣು. ಫೋಟೋ ತೆಗೆಸಿಕೊಂಡು ಮುಚ್ಚಳ ಹಾಕಲು ಹೊರಟವರನ್ನು ತಡೆದವರು ರಿಚರ್ಡ್ಸ್ ಟೌನಿನ ಟ್ಯೂಷನ್ ಮೇಷ್ಟ್ರು ಅಬ್ರಾರ್. ಸಂಸ್ಥಾಪಕರಾಗುವ ಯೋಗ್ಯತೆಯಿದ್ದೂ ಬಳಗ ಸ್ಥಾಪನೆಯಾದ ಮೇಲೆ ಸೇರಿದ ದುಃಖ ಅವರಿಗೆ ಇನ್ನೂ ಇಳಿದಿರಲಿಲ್ಲ.

“ಮುನಾವರ್ ಭಾಯ್, ಇದು ಬಟ್ಟೆ ಅಂಗಡೀಲಿ ಶೇರ್ವಾನಿ ಹಾಕ್ಕೊಂಡು ಕನ್ನಡಿ ನೋಡ್ದಂಗಾಯ್ತು. ಕೊಂಡ್ಕೊಳ್ಳೋದು ಯಾವಾಗ? ನಿಕಾಹ್‌ಗೆ ಹಾಕ್ಕೊಳ್ಳೋದು ಯಾವಾಗ?”

ನಗು. ಎತ್ತಿದ ಮೊಬೈಲುಗಳು ಎತ್ತಿದಂತೆಯೇ ಇದ್ದವು.

“ಮಗಳ ಲ್ಯಾಪ್‌ಟಾಪು ಇದು...”

“ಓಹೋ, ಸಂಸ್ಥಾಪಕರದು ಎಲ್ಲಿ?”

ಬೀರುವಿನ ಮೇಲಿದೆ ಎನ್ನುವುದಕ್ಕಿಂತ ಸುಲಭವಾದ ದಾರಿ ಮುನಾವರ್ ಅವರ ಬೆರಳ ತುದಿಯಲ್ಲೇ ಇತ್ತು. ಫೈಲುಗಳೆಲ್ಲ ಹಾಗೇ ಉಳಿಯುತ್ತವೆ, ಏನೂ ಹೋಗುವುದಿಲ್ಲ, ಮಗಳಿಗೆ ಗೊತ್ತೂ ಆಗುವುದಿಲ್ಲ ಎಂದು ಅವರು ತಮಗೇ ಹೇಳಿಕೊಂಡರು. ಬಿಸ್ಮಿಲ್ಲಾ ಎಂದು ‘ಇನ್‌ಸ್ಟಾಲ್’ ಒತ್ತಿದರು.

ನೀಲಿ ಗೆರೆ ಎಡದಿಂದ ಬಲಕ್ಕೆ ತೆವಳಿತು. ಅದು ತುಂಬುವಷ್ಟರಲ್ಲಿ ಬಳಗದವರು ಪೆನ್‌ಡ್ರೈವುಗಳನ್ನೆಲ್ಲ ಒಟ್ಟು ಮಾಡಿ ಮಿಂಚುಳ್ಳಿಯನ್ನು ಅಳಿಸಿದರು. ಆಮೇಲೆ ಹಳದಿ ಕಣ್ಣುಗಳು ಮತ್ತೆ ತೆರೆದವು. ಚಪ್ಪಾಳೆ. ಎಲ್ಲವೂ ಚೆಂದ, ಎಲ್ಲವೂ ಹೊಳಪು, ನೋಡಬಲ್ಲವರಿಗೆ ಒಂದು ಕೊರತೆಯೂ ಇರಲಿಲ್ಲ.

ಮನೆಗೆ ಹೋಗುವ ಆಟೋದಲ್ಲಿ ಅವರಿಗೆ ಏನೋ ಮರೆತಂತೆ ಆಗುತ್ತಿತ್ತು. ಛತ್ರಿಯಲ್ಲ, ಕನ್ನಡಕವಲ್ಲ. ಖಾಲಾ ನಮಸ್ಕಾರ ಹೇಳಿರಲಿಲ್ಲ. ಚಪ್ಪಾಳೆಯಲ್ಲಿ ಮುಳುಗಿಹೋಗಿರಬೇಕು ಎಂದು ತೊಡೆಯ ಮೇಲಿಟ್ಟು ಮುಚ್ಚಳ ತೆರೆದರು. ಎರಡು ಕಣ್ಣು, ಸದ್ದಿಲ್ಲ. ವಾಲ್ಯೂಮ್ ಏರಿಸಿ ಒಂದು ಕವ್ವಾಲಿ ಹಾಕಿದರು. ಆಟೋದವನು ತಲೆ ಕುಣಿಸುವಷ್ಟು ಜೋರಾಗಿ ಬಂತು. ಕವ್ವಾಲಿ ನಿಲ್ಲಿಸಿ ಮಗಳು ಒತ್ತುವ ಕೀಲಿಗಳನ್ನೆಲ್ಲ ಒತ್ತಿದರು. ಖಾಲಾ ಬರಲಿಲ್ಲ.

‘ಓದಕ್ಕೇ ಆಗ್ತಿಲ್ಲ ಸಾರ್.’ ಕೋಲ್ಸ್ ಪಾರ್ಕಿನ ತಿರುವಿನಲ್ಲಿ ದುರ್ಗೇಶನ ಮಾತು ಅವರಿಗೆ ಅರ್ಥವಾಯಿತು. ಅವನಿಗೂ ಕಣ್ಣಿರಲಿಲ್ಲ.

ಮನೆಯಲ್ಲಿ ಮಿಸ್ಬಾ ಮುಚ್ಚಳ ತೆರೆದು ಕಾದಳು. ತಲೆ ಒಂದಿಷ್ಟು ವಾಲಿಸಿ ಇನ್ನೂ ಕಾದಳು. ಕೀಲಿ ಒತ್ತಿದಳು, ಮತ್ತೆ ಒತ್ತಿದಳು. ಬಾವಿಗೆ ಬಗ್ಗಿ ಕಲ್ಲು ಹಾಕಿ ನೀರಿನ ಸದ್ದಿಗೆ ಕಿವಿಗೊಟ್ಟಂತೆ.

“ಹಾಕಿದ್ರಾ?”

“ಎಲ್ಲರೂ ನಿಂತಿದ್ರು ಬೇಟಾ.”

“ಹೌ, ಎಲ್ಲರೂ ನಿಂತಿದ್ರು,” ಎಂದಳು ಅವಳು. ಅಷ್ಟೇ. ಬೈದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು.

ಮುನಾವರ್ ಗುಂಪಿನಲ್ಲಿ ಬರೆದರು: ‘ಗೂಬೆಯಲ್ಲಿ ಓದುವ ಧ್ವನಿ ಬರುತ್ತಿಲ್ಲ. ಯಾರಿಗಾದರೂ ಬಂತೇ?’ ಅಬ್ರಾರರ ಉತ್ತರ ಒಡನೆಯೇ ಬಂತು, ಕೈಮುಗಿದ ಚಿತ್ರದೊಂದಿಗೆ: ‘ಮೊದಲು ರಿಲೀಸ್ ನೋಟ್ಸ್ ಓದಿ, ಸಂಸ್ಥಾಪಕರೇ.’ ಊರಿಗೆಲ್ಲ ಓದಿ ಓದಿ ಎಂದು ಹೇಳುತ್ತ ಬಂದವರು ಹೊಸ ಆವೃತ್ತಿಯ ಆ ಟಿಪ್ಪಣಿಯನ್ನು ಕೊನೆಯವರೆಗೆ ಓದಿದ್ದು ಅಂದೇ ಮೊದಲು. ಕಟ್ಟಕಡೆಗೆ, ಧನ್ಯವಾದಗಳಿಗೂ ಕೆಳಗೆ ಇತ್ತು: ಓದುವ ಧ್ವನಿಯ ಸೌಲಭ್ಯವನ್ನು ಸದ್ಯಕ್ಕೆ ತೆಗೆಯಲಾಗಿದೆ, ಮುಂದಿನ ತಿದ್ದುಪಡಿಯಲ್ಲಿ ಮರಳಬಹುದು.

ಮಿಂಚುಳ್ಳಿಯನ್ನೇ ಮತ್ತೆ ಇಳಿಸಿಕೊಳ್ಳೋಣವೆಂದರೆ ಲೋಕವೆಲ್ಲ ಅಂದೇ ಗೂಬೆಗಾಗಿ ಮುಗಿಬಿದ್ದು ರೂಕರಿಯ ಜಾಲತಾಣ ಉಸಿರುಗಟ್ಟಿತ್ತು. ಅರ್ಧಕ್ಕೆ ಬಂದದ್ದು ಕಡಿದುಹೋಗುತ್ತಿತ್ತು. ಯಾರದಾದರೂ ಪೆನ್‌ಡ್ರೈವಿನಲ್ಲಿ ಉಳಿದಿದೆಯೇ ಎಂದು ಊರೆಲ್ಲ ಫೋನು ಮಾಡಿದರು. ಅಳಿಸುವ ಕಟ್ಟಳೆಯನ್ನು ಮಾತ್ರ ಮೀರಿದವರು ಒಬ್ಬರೂ ಇರಲಿಲ್ಲ, ಶಿಸ್ತಿನ ಬಳಗ. ದುರ್ಗೇಶನಿಗೆ ಖಾಸಗಿಯಾಗಿ ಒಂದು ಕ್ಷಮೆ ಕಳಿಸಿದರು. ಒಂದೇ ಟಿಕ್ಕು ಬಿತ್ತು. ಎರಡನೆಯದು ಬೀಳಲಿಲ್ಲ.

ಬೀರುವಿನ ಮೇಲಿನ ಡಬ್ಬಿ ಇಳಿಸಿದವರು ಫಹ್ಮಿದಾ. “ಇದರಲ್ಲೇ ಅಲ್ವಾ ಅವಳು ಮೊದಲು ಕಲ್ತಿದ್ದು?”

ಮಿಂಚುಳ್ಳಿ ಇನ್ನೂ ಉಳಿದಿದ್ದ ಹಳೆಯ ಯಂತ್ರ ಕೆಮ್ಮುತ್ತ ಎದ್ದಿತು. “ನಮಸ್ಕಾರ ಮಿಸ್ಬಾ,” ಎಂದಳು ಖಾಲಾ. ಮಿಸ್ಬಾ ಅಂದು ಮೊದಲ ಸಲ ಅತ್ತಳು. ಆದರೆ ಅದರ ಒಳಗಿನ ಫ್ಯಾನು ಸತ್ತು ಎಷ್ಟೋ ಕಾಲವಾಗಿತ್ತು. ಅಂಗಡಿಯಲ್ಲಿ ಪಕ್ಕದಲ್ಲೇ ಟೇಬಲ್ ಫ್ಯಾನು ಇಟ್ಟುಕೊಂಡು ಅದನ್ನು ನಡೆಸುತ್ತಿದ್ದರು. ಗಾಳಿ ನಿಂತರೆ ಕಾಯ್ದು, ಹೇಳದೆ ಕೇಳದೆ ಆರಿಹೋಗುತ್ತಿತ್ತು. ಕಂಪನಿಯವರು ಕೊಟ್ಟಿದ್ದ ಮಾದರಿ ಪರೀಕ್ಷೆಗೆ ಕೂರಿಸಿ ನೋಡಿದರೆ ಟೇಬಲ್ ಫ್ಯಾನಿನ ಸದ್ದಿಗೇ ಎಚ್ಚರಿಕೆ ಬಂತು.

“ಬೀಸಣಿಗೆ ಕೊಡು,” ಎಂದರು ಮುನಾವರ್.

ಹಾಗಾಗಿ ಸೋಮವಾರ ಬೆಳಿಗ್ಗೆ ದಂಡು ಲಿನಕ್ಸ್ ಬಳಗದ ಸಂಸ್ಥಾಪಕರು, ಮಗಳ ಮೇಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ, ಕ್ಯಾಮೆರಾದ ಬೆನ್ನ ಹಿಂದೆ, ಹೊಟ್ಟೆ ಒಳಗೆಳೆದುಕೊಂಡು ಸಿಕ್ಕಿಕೊಂಡಿದ್ದರು. ಒಳಗೆ ಹೋಗುವುದಕ್ಕೆ ಫಹ್ಮಿದಾ ತಳ್ಳಬೇಕಾಗಿತ್ತು. ಈಗ ಅವರು ಹೊರಬಾಗಿಲಲ್ಲಿ, ಕರೆಗಂಟೆಯ ಮೇಲೆ ಅಂಗೈ ಮುಚ್ಚಿ ನಿಂತಿದ್ದರು. ಮುನಾವರ್ ಸದ್ದಾಗದಂತೆ ಬೀಸುತ್ತಿದ್ದರು. ಬೀಸಣಿಗೆ ನಿಂತರೆ ಯಂತ್ರ ನಿಲ್ಲುತ್ತದೆ. ಗೋಡೆಗೆ ತಾಗಿದರೆ ಪರೀಕ್ಷೆ ನಿಲ್ಲುತ್ತದೆ.

ಖಾಲಾ ಓದುತ್ತಿದ್ದಳು. ಮಿಸ್ಬಾಳ ಬೆರಳುಗಳು ಕೀಲಿಮಣೆಯ ಮೇಲೆ ಓಡುತ್ತಿದ್ದವು. ಈ ಹುಡುಗಿ ಹೀಗೆ ಕೆಲಸ ಮಾಡುವುದನ್ನು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು, ಬಾಯಿ ಮುಚ್ಚಿಕೊಂಡು ಅವರು ಎಂದೂ ಕೇಳಿರಲಿಲ್ಲ.

ಆಗ ಅವರ ಜುಬ್ಬದ ಜೇಬು ಗುರ್ರೆಂದಿತು.

ಗೋಡೆಗೆ ಒತ್ತಿಕೊಂಡಿದ್ದ ಮೊಬೈಲು ಇಡೀ ಗೋಡೆಯನ್ನೇ ನಡುಗಿಸಿದಂತೆ ಕೇಳಿಸಿತು. ಬೆರಳುಗಳು ನಿಂತವು. ಖಾಲಾ ತನ್ನ ನೆಗಡಿಯ ಧ್ವನಿಯಲ್ಲಿ, ಪ್ರಶ್ನೆಗಳನ್ನು ಓದಿದಷ್ಟೇ ನಿರಾಳವಾಗಿ ಓದಿದಳು: “ಎಚ್ಚರಿಕೆ. ಕೋಣೆಯಲ್ಲಿ ಬೇರೆ ಸದ್ದು ಕೇಳಿದೆ. ಮತ್ತೊಮ್ಮೆ ಕೇಳಿದರೆ ನಿಮ್ಮ ಪರೀಕ್ಷೆ ರದ್ದಾಗುತ್ತದೆ.”

ಬೆರಳುಗಳು ಮತ್ತೆ ಓಡತೊಡಗಿದವು, ಮೊದಲಿಗಿಂತ ವೇಗವಾಗಿ.

ಮೊಬೈಲು ಆರಿಸಬೇಕೆಂದರೆ ಹೊರಳಬೇಕು. ಹೊರಳಿದರೆ ಹೊಟ್ಟೆ ಮೇಜಿಗೆ ತಾಗುತ್ತದೆ. ಯಾರಿರಬಹುದು? ದುರ್ಗೇಶ ಉತ್ತರ ಬರೆದನೋ, ಸುಗತ ಎಲ್ಲಿಂದಲೋ ಮರಳಿದನೋ, ಅಬ್ರಾರ್ ಇನ್ನೊಮ್ಮೆ ಕೈಮುಗಿದರೋ. ಅದು ಗುಂಪಿನದೇ ಆಗಿದ್ದರೆ ಒಂದಕ್ಕೇ ನಿಲ್ಲುವುದಿಲ್ಲ. ಒಬ್ಬರು ಬಾಯಿ ತೆರೆದರೆ ಉಳಿದವರೆಲ್ಲ ತೆರೆಯುತ್ತಾರೆ. ಬಿಡುಗಡೆಯ ವಾರ, ಯಾರೂ ಮ್ಯೂಟ್ ಮಾಡಿರುವುದಿಲ್ಲ. ಅವರು ತಮ್ಮ ಭಾರವನ್ನೆಲ್ಲ ಆ ಜೇಬಿನ ಮೇಲೆ ಹಾಕಿ, ಉಸಿರು ಹಿಡಿದು, ಬೀಸಣಿಗೆಯನ್ನು ಮಾತ್ರ ಆಡಿಸುತ್ತ ಉಳಿದರು.

“ಮುಂದಿನ ಪ್ರಶ್ನೆ,” ಎಂದಳು ಖಾಲಾ.